ದೂರದಿಂದ ಗುಂಡಿಗೆಯನ್ನು ಆಲಿಸಿದ ಕಥೆ

ಹಿರಿಯೂರಿನ ಸಮೀಪ, ಮಾರಿಕಣಿವೆಯಲ್ಲಿ, ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವನ್ನು ನೋಡದವರು ಚಿತ್ರದುರ್ಗದ ಸೀಮೆಯಲ್ಲಿ ಅಪರೂಪ. 1907ರಲ್ಲಿ ಮುಗಿದ ಆ ಕಟ್ಟೆಯ ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಮಳೆಗಾಲ ಬಂದರೆ ಜನ ಕೇಳುವುದು ಒಂದೇ ಪ್ರಶ್ನೆ: ಈ ಹೊತ್ತು ನೀರು ಎಷ್ಟು ಅಡಿ? ನೀರು ಏರುವುದನ್ನು ಅಳೆಯುವ ಪಟ್ಟಿ ಇದೆ. ಅದನ್ನು ದಿನವೂ ನೋಡಿ ಬರೆದುಕೊಳ್ಳುವವರಿದ್ದಾರೆ.

ಮನುಷ್ಯನ ದೇಹದಲ್ಲಿಯೂ ಹೀಗೆ ನೀರು ಏರುವ ಒಂದು ಕಾಯಿಲೆಯುಂಟು. ಅದಕ್ಕೆ ಹೃದಯ ವೈಫಲ್ಯವೆಂದು ಹೆಸರು. ಹೆಸರು ಕೇಳಿ ಗುಂಡಿಗೆ ನಿಂತೇಹೋಯಿತೆಂದು ಭಾವಿಸಬಾರದು. ರಕ್ತವನ್ನು ಮುಂದಕ್ಕೆ ನೂಕುವ ಅದರ ಕಸುವು ಕುಗ್ಗಿದೆಯೆಂದಷ್ಟೇ ಅರ್ಥ. ಆಗ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಕಾಲು ಊದುತ್ತದೆ, ಶ್ವಾಸಕೋಶದಲ್ಲಿ ನೀರು ನಿಂತು, ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ. ಆಸ್ಪತ್ರೆಯಲ್ಲಿ ಗುಣ ಕಂಡು ಮನೆಗೆ ಬಂದವರಿಗೂ ಅಪಾಯ ಕಳೆದಿರುವುದಿಲ್ಲ. 2013ರಲ್ಲಿ ತಿರುವನಂತಪುರದ ಆಸ್ಪತ್ರೆಗಳಲ್ಲಿ ದಾಖಲಾದ ಇಂಥ 1,205 ರೋಗಿಗಳ ಲೆಕ್ಕ ಇಟ್ಟರು. ವರ್ಷ ತುಂಬುವುದರೊಳಗೆ ಸುಮಾರು ಮೂರರಲ್ಲೊಂದು ಪಾಲು ತೀರಿಕೊಂಡಿತ್ತು. ಹೀಗಿರುವಾಗ ಮನೆಯಲ್ಲಿರುವ ರೋಗಿಯ ಮೇಲೆ ದೂರದ ವೈದ್ಯನ ಕಣ್ಣು ಇರುವುದು ಹೇಗೆ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ.

1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತೊಸ್ಕೋಪನ್ನು ಕಂಡುಹಿಡಿದಾಗ ವೈದ್ಯನ ಕಿವಿಗೂ ರೋಗಿಯ ಎದೆಗೂ ನಡುವೆ ಇದ್ದ ದೂರ ಗೇಣುದ್ದದ್ದು. ಆ ದೂರವನ್ನು ಒಮ್ಮೆಗೇ ಬೆಳೆಸಿದಾತ ಹಾಲೆಂಡಿನ ಐಂತೋವನ್. ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಅವನ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಾಗಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವುದು ಅಸಾಧ್ಯ. ರೋಗಿಯನ್ನು ಪ್ರಯೋಗಶಾಲೆಗೆ ತರುವುದು ಕಷ್ಟ. ಆದ್ದರಿಂದ 1905ರಲ್ಲಿ ಅವನು ಲೈಡನ್ ನಗರದ ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರು ದೂರದ ತನ್ನ ಶಾಲೆಗೆ ದೂರವಾಣಿಯ ತಂತಿಯ ಮೂಲಕ ಹೃದಯದ ಬಡಿತವನ್ನೇ ತರಿಸಿಕೊಂಡನು! 1924ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ತಂತಿಯಾದ ಮೇಲೆ ರೇಡಿಯೋ ಅಲೆಗಳ ಸರದಿ. 1940ರ ದಶಕದ ಕೊನೆಯಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಹೃದಯದ ಬಡಿತವನ್ನು ಪ್ರಸಾರ ಮಾಡುವ ಸಲಕರಣೆಯನ್ನು ಬೆನ್ನಿಗೆ ಹೊತ್ತನು. ಅದರ ತೂಕ ಸುಮಾರು 38 ಕಿಲೋ. ಅದೊಂದು ನಡೆದಾಡುವ ಬಾನುಲಿ ನಿಲಯ. ಕಾರ್ಯಕ್ರಮ ಮಾತ್ರ ಒಂದೇ, ಲಬ್ ಡಬ್!

ನಮ್ಮ ನಾಡಿಗೆ ಈ ವಿದ್ಯೆ ಬಂದದ್ದು ಆಕಾಶಮಾರ್ಗವಾಗಿ. 2001ರಲ್ಲಿ ಇಸ್ರೋ ಸಂಸ್ಥೆಯು ಉಪಗ್ರಹದ ಮೂಲಕ ವೈದ್ಯ ಸಲಹೆ ನೀಡುವ ಪ್ರಯೋಗವನ್ನು ಆರಂಭಿಸಿತು. ಮರುವರ್ಷ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಸಂಪರ್ಕ ಏರ್ಪಟ್ಟಿತು. 2018ರಲ್ಲಿ ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು ಹಳ್ಳಿಯ ವೈದ್ಯರಿಗೆ ಇ.ಸಿ.ಜಿ. ಯಂತ್ರಗಳನ್ನು ಕೊಡಿಸಿ, ವಾಟ್ಸಾಪಿನಲ್ಲಿ ಬಂದ ಗೆರೆಗಳನ್ನು ನೋಡಿ ಸಲಹೆ ಹೇಳುವ ಏರ್ಪಾಡನ್ನು ಮಾಡಿದರು. ಆಮೇಲೆ ಸರ್ಕಾರವು ಪುನೀತ್ ರಾಜಕುಮಾರರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ತಂದಿತು. ಇವೆಲ್ಲ ಹೆಚ್ಚಾಗಿ ಹಠಾತ್ತನೆ ಬರುವ ಹೃದಯಾಘಾತಕ್ಕೆ ಒದಗುವ ಉಪಾಯಗಳು. ಹೃದಯ ವೈಫಲ್ಯದ ದಾರಿ ಬೇರೆ. ಅದು ದಿನದಿಂದ ದಿನಕ್ಕೆ, ಸದ್ದಿಲ್ಲದೆ, ಮನೆಯಲ್ಲಿಯೇ ಬೆಳೆಯುತ್ತದೆ. ಅಲ್ಲಿ ನೋಡಬೇಕಾದ ಅಳತೆಪಟ್ಟಿಯೆಂದರೆ ಮುಖ್ಯವಾಗಿ ರೋಗಿಯ ತೂಕ.

ಮನೆಯಿಂದಲೇ ತೂಕವನ್ನು ತಿಳಿಸುವ ಪ್ರಯೋಗಗಳು ನಡೆದಿವೆ. ಅವುಗಳಲ್ಲಿ ಎರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಬೋಧಪ್ರದ. 2010ರಲ್ಲಿ ಅಮೆರಿಕದಲ್ಲಿ 1,653 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಂದಿ ದಿನವೂ ದೂರವಾಣಿಯಲ್ಲಿ ಒಂದು ಯಂತ್ರದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿತ್ತು. ಏಳರಲ್ಲೊಬ್ಬರು ಒಮ್ಮೆಯೂ ಅದನ್ನು ಬಳಸಲಿಲ್ಲ. ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರೂ ಸತ್ತವರೂ ಕೂಡಿ ಎರಡು ಗುಂಪಿನಲ್ಲಿಯೂ ಅರ್ಧಕ್ಕೆ ತುಸು ಮಿಕ್ಕಿದ್ದರು. ಯಂತ್ರದಿಂದ ಕೂದಲೆಳೆಯಷ್ಟೂ ಪ್ರಯೋಜನ ಕಾಣಲಿಲ್ಲ. 2018ರಲ್ಲಿ ಜರ್ಮನಿಯ ಪರೀಕ್ಷೆಯ ಫಲ ಬಂದಿತು. ಅಲ್ಲಿ ರೋಗಿಗಳು ತೂಕ, ರಕ್ತದೊತ್ತಡ, ಇ.ಸಿ.ಜಿ.ಗಳನ್ನು ದಿನವೂ ಕಳುಹಿಸಿದರು. ಬರ್ಲಿನ್ನಿನ ಆಸ್ಪತ್ರೆಯಲ್ಲಿ ವೈದ್ಯರೂ ದಾದಿಯರೂ ಹಗಲಿರುಳು ಕುಳಿತು ಅವನ್ನು ನೋಡಿದರು. ಬೇಕೆನಿಸಿದಾಗ ಕರೆ ಮಾಡಿ ಔಷಧವನ್ನು ಬದಲಿಸಿದರು. ವರ್ಷಕ್ಕೆ ನೂರಕ್ಕೆ ಸುಮಾರು 11ರಷ್ಟಿದ್ದ ಸಾವು ಈ ಗುಂಪಿನಲ್ಲಿ 8ಕ್ಕೆ ಇಳಿಯಿತು. ಎರಡು ಪರೀಕ್ಷೆಗಳಿಗೂ ನಡುವೆ ಬೇರೆ ವ್ಯತ್ಯಾಸಗಳೂ ಇದ್ದುವು. ಆದರೆ ಎದ್ದು ಕಾಣುವುದು ಒಂದು. ಎರಡನೆಯ ಕಡೆ ತಂತಿಯ ಆ ಕೊನೆಯಲ್ಲಿ ಸದಾ ಒಬ್ಬ ಮನುಷ್ಯನಿದ್ದನು.

ಹೊಸದುರ್ಗ, ಹೊಳಲ್ಕೆರೆಗಳಿಂದ ಬೆಂಗಳೂರಿಗೆ ಹೋಗಿ ಚಿಕಿತ್ಸೆ ಪಡೆದು ಹಿಂದಿರುಗುವ ರೋಗಿಗೆ ಈ ಇತಿಹಾಸ ದೂರದ ಮಾತಲ್ಲ. ದುರ್ಗದಿಂದ ರಾಜಧಾನಿಗೆ ಸುಮಾರು 200 ಕಿಲೋಮೀಟರು. ಉಸಿರು ಕಟ್ಟಿದ ರಾತ್ರಿಯಲ್ಲಿ ಅದು ಬಲು ದೀರ್ಘವಾದ ದಾರಿ. ಆದರೆ ಆ ರಾತ್ರಿಗೆ ಕೆಲವು ದಿನ ಮೊದಲೇ, ಅನೇಕ ವೇಳೆ, ತೂಕದ ಯಂತ್ರ ಸುಳಿವು ಕೊಟ್ಟಿರುತ್ತದೆ. ಬೆಳಗ್ಗೆ ಎದ್ದು, ಮೂತ್ರವಿಸರ್ಜನೆ ಮಾಡಿ, ಕಾಫಿ ತಿಂಡಿಗೆ ಮೊದಲು, ಒಂದೇ ಯಂತ್ರದ ಮೇಲೆ ನಿಂತು ತೂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಸಾಕು. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಕಾಲು ಊದುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಉಸಿರಿನ ಕಷ್ಟ ಕಂಡರೆ ತೂಕ ನೋಡುತ್ತ ಕೂರದೆ ಕೂಡಲೆ ಆಸ್ಪತ್ರೆಗೆ ಹೊರಡಬೇಕು.

ಈ ಅಂಕಿ ಯಾರಿಗೆ ತಿಳಿಸಬೇಕು, ಯಾವ ಹೊತ್ತಿನಲ್ಲಿ ಯಾರು ಉತ್ತರ ಕೊಡುತ್ತಾರೆ? ಆಸ್ಪತ್ರೆಯನ್ನು ಬಿಡುವ ದಿನವೇ ಮನೆಯವರು ಕೇಳಿ ಬರೆದುಕೊಳ್ಳಬೇಕಾದ ಪ್ರಶ್ನೆ ಇದು. ಐಂತೋವನ್ನನ ಕಾಲದಲ್ಲಿ ತಂತಿ ಎಳೆಯುವುದೇ ಸಾಹಸವಾಗಿತ್ತು. ಈಗ ತಂತಿಯಿಲ್ಲದೆಯೂ ಅಂಕಿ ಕ್ಷಣದಲ್ಲಿ ಬೆಂಗಳೂರಿಗೆ ಹೋದೀತು. ಕಟ್ಟೆಯ ನೀರು ನೋಡುವವನಂತೆ ಅದನ್ನು ದಿನವೂ ನೋಡುವ ಒಬ್ಬರನ್ನು ನೇಮಿಸುವ ಕೆಲಸ ಉಳಿದಿದೆ.