ಕುಡುಗೋಲು ಕಣ ರೋಗ: ಹೆಸರು, ಅರಿವು ಮತ್ತು ಚಿಕಿತ್ಸೆಯ ಚರಿತ್ರೆ

1

ಸಿಕಲ್ ಸೆಲ್ ಎಂದು ವೈದ್ಯರು ಕರೆಯುವ ಕುಡುಗೋಲು ಕಣ ರೋಗದ ಚರಿತ್ರೆಯನ್ನು ವೈದ್ಯಗ್ರಂಥಗಳು ಸಾಮಾನ್ಯವಾಗಿ 1910ರಿಂದ ಆರಂಭಿಸುತ್ತವೆ. ಆ ವರ್ಷ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್, ರಕ್ತಹೀನತೆಯಿಂದ ಬಳಲುತ್ತಿದ್ದ ಕಪ್ಪುವರ್ಣದ ಯುವಕನೊಬ್ಬನ ರಕ್ತದಲ್ಲಿ ಕಂಡುಬಂದ ನೀಳವಾದ, ಕುಡುಗೋಲಿನಂತೆ ಬಾಗಿದ ಕಣಗಳನ್ನು ಕುರಿತು ಬರೆದನು. ಆ ಕಣಗಳನ್ನು 1904ರಲ್ಲಿಯೇ ಸೂಕ್ಷ್ಮದರ್ಶಕದಡಿ ಕಂಡವನು ಅವನ ಕಿರಿಯ ಸಹಾಯಕ ಅರ್ನೆಸ್ಟ್ ಐರನ್ಸ್. 1922ರಲ್ಲಿ ವರ್ನನ್ ಮೇಸನ್ ಈ ಸ್ಥಿತಿಗೆ 'ಸಿಕಲ್ ಸೆಲ್ ಅನೀಮಿಯಾ' ಎಂಬ ಹೆಸರಿಟ್ಟನು. ಹೆರಿಕ್‌ನ ಬರಹದಲ್ಲಿ ರೋಗಿಯ ಹೆಸರಿಲ್ಲ. ಆತ ಕೆರಿಬಿಯನ್ ದ್ವೀಪವಾದ ಗ್ರೆನಡಾದಿಂದ ದಂತವೈದ್ಯ ಶಿಕ್ಷಣಕ್ಕಾಗಿ ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯಲ್ ಎಂಬುದು 1989ರಲ್ಲಷ್ಟೇ ಸಂಶೋಧಕರ ಶ್ರಮದಿಂದ ಪ್ರಕಟವಾಯಿತು. ಓದು ಮುಗಿಸಿ ಊರಿಗೆ ಮರಳಿ ವೃತ್ತಿ ನಡೆಸಿದ ನೋಯಲ್ 1916ರಲ್ಲಿ ತೀರಿಕೊಂಡಿದ್ದನು. ರೋಗಕ್ಕೆ ಹೆಸರು ದೊರೆತದ್ದು ಹನ್ನೆರಡು ವರ್ಷಗಳಲ್ಲಿ, ರೋಗಿಗೆ ಹೆಸರು ದೊರೆತದ್ದು ಎಪ್ಪತ್ತೊಂಬತ್ತು ವರ್ಷಗಳ ನಂತರ.

ಪ್ರಸ್ತುತ ಲೇಖನವು ಈ ರೋಗದ ಅರಿವಿನ ಚರಿತ್ರೆ ಮತ್ತು ಚಿಕಿತ್ಸೆಯ ಚರಿತ್ರೆಗಳನ್ನು ಜೊತೆಗಿಟ್ಟು ನೋಡುವ ಒಂದು ಪ್ರಯತ್ನ. ಇವೆರಡೂ ಒಂದೇ ವೇಗದಲ್ಲಿ ಸಾಗಿಲ್ಲ. ಅರಿವು ಮುಂದೆ, ಚಿಕಿತ್ಸೆ ಬಹುದೂರ ಹಿಂದೆ. ಈ ನಡುವಣ ಅವಧಿಯಲ್ಲಿ ರೋಗವುಳ್ಳವರ ಹಾಗೂ ವಾಹಕರ ಸಾಮಾಜಿಕ ಬದುಕಿಗೆ ಏನಾಯಿತು ಎಂಬುದು ನಮ್ಮ ನಾಡಿನ ಗಿರಿಜನ ಸಮುದಾಯಗಳ ದೃಷ್ಟಿಯಿಂದ ಇಂದು ಅತ್ಯಂತ ಮಹತ್ವದ ಪ್ರಶ್ನೆಯಾಗಿದೆ.

2

ಸೂಕ್ಷ್ಮದರ್ಶಕಕ್ಕಿಂತ ಮೊದಲೇ ಈ ರೋಗಕ್ಕೆ ಹೆಸರುಗಳಿದ್ದವು. ಘಾನಾ ದೇಶದ ವೈದ್ಯ ಫೆಲಿಕ್ಸ್ ಕೊನೊಟೆ-ಅಹುಲು ಪಶ್ಚಿಮ ಆಫ್ರಿಕಾದ ಭಾಷೆಗಳಲ್ಲಿನ ಇಂತಹ ಹೆಸರುಗಳನ್ನು ದಾಖಲಿಸಿದ್ದಾರೆ. ಗಾ ಭಾಷೆಯಲ್ಲಿ 'ಚ್ವೆಚ್ವೀಚ್ವೆ', ಎವೆಯಲ್ಲಿ 'ನುಇದುದುಯಿ', ಫಾಂಟೆಯಲ್ಲಿ 'ನ್ವೀವೀ', ಟ್ವಿಯಲ್ಲಿ 'ಅಹೊತುತುವೊ'. ಈ ಪದಗಳಲ್ಲೆಲ್ಲ ಧ್ವನಿಗಳು ಮರುಕಳಿಸುತ್ತವೆ. ಮೂಳೆ ಕೀಲುಗಳಲ್ಲಿ ಬಿಟ್ಟೂಬಿಡದೆ ಮರಳಿ ಬರುವ ನೋವನ್ನು ಪದದ ನಾದವೇ ಸೂಚಿಸುತ್ತದೆ. ಕನ್ನಡದ ದ್ವಿರುಕ್ತಿ ಮತ್ತು ಅನುಕರಣವಾಚಕಗಳನ್ನು ಬಲ್ಲವರಿಗೆ ಈ ರಚನಾಕ್ರಮ ಅಪರಿಚಿತವಲ್ಲ. ಕೊನೊಟೆ-ಅಹುಲು ತಮ್ಮ ಮನೆತನದ ಮೌಖಿಕ ವಂಶಾವಳಿಯ ನೆರವಿನಿಂದ ಈ ರೋಗದ ಎಳೆಯನ್ನು ಕ್ರಿ.ಶ. 1670ರವರೆಗೆ ಹಿಂದಕ್ಕೆ ಗುರುತಿಸಿದರು. ಅಂದರೆ ಲಿಖಿತ ದಾಖಲೆಗಿಂತ ಎರಡು ಶತಮಾನಗಳಿಗೂ ಹೆಚ್ಚು ಹಿಂದಿನ ಸಾಕ್ಷ್ಯವನ್ನು ಮೌಖಿಕ ಪರಂಪರೆ ಕಾಪಾಡಿಕೊಂಡಿತ್ತು.

ಇಲ್ಲಿ ಎರಡು ಬಗೆಯ ನಾಮಕರಣಗಳನ್ನು ಗುರುತಿಸಬಹುದು. ಪಾಶ್ಚಾತ್ಯ ವೈದ್ಯವು ಕಣದ ಆಕಾರವನ್ನು ನೋಡಿ ಹೆಸರಿಟ್ಟರೆ, ಜನಸಮುದಾಯವು ದೇಹದ ಅನುಭವವನ್ನು ಕೇಳಿ ಹೆಸರಿಟ್ಟಿತು. ಮೊದಲನೆಯದು ಹೊರಗಿನಿಂದ ಕಂಡದ್ದು, ಎರಡನೆಯದು ಒಳಗಿನಿಂದ ಅರಿತದ್ದು.

ನೈಜೀರಿಯಾದ ಇಗ್ಬೊ ಜನರಲ್ಲಿನ 'ಒಗ್ಬಾಂಜೆ' ಮತ್ತು ಯೊರುಬಾ ಜನರಲ್ಲಿನ 'ಅಬಿಕು' ನಂಬಿಕೆಗಳನ್ನೂ ಈ ಸಂದರ್ಭದಲ್ಲಿ ಪ್ರಸ್ತಾಪಿಸುವುದು ವಾಡಿಕೆ. ಹುಟ್ಟಿ, ಬೇಗನೆ ಸತ್ತು, ಅದೇ ತಾಯಿಯ ಗರ್ಭಕ್ಕೆ ಮರಳುವ ಮಗುವಿನ ಕಲ್ಪನೆಯಿದು. ಚಿನುವಾ ಅಚಿಬೆಯವರ 1958ರ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' ಮೂಲಕ ಇದು ಹೊರಜಗತ್ತಿಗೂ ಪರಿಚಿತವಾಯಿತು. ಒಂದೇ ಕುಟುಂಬದಲ್ಲಿ ಮಕ್ಕಳು ಮತ್ತೆ ಮತ್ತೆ ಸಾಯುವುದಕ್ಕೂ ಕುಡುಗೋಲು ಕಣ ರೋಗಕ್ಕೂ ಸಂಬಂಧವಿರಬಹುದೆಂದು ಕೆಲವು ವಿದ್ವಾಂಸರು ಸೂಚಿಸಿದ್ದಾರೆ. ಇದು ಸಾಧ್ಯವಾದ ಊಹೆ. ಆದರೆ ಮಲೇರಿಯಾ, ಅತಿಸಾರಗಳಿಂದಲೂ ಶಿಶುಮರಣ ಹೆಚ್ಚಾಗಿದ್ದ ಪ್ರದೇಶದಲ್ಲಿ ಒಂದು ಸಂಕೀರ್ಣ ನಂಬಿಕೆಯನ್ನು ಒಂದೇ ರೋಗದ ಅನುವಾದವೆಂದು ಓದುವುದು ಜಾನಪದ ಅಧ್ಯಯನದ ಶಿಸ್ತಿಗೆ ಒಪ್ಪುವುದಿಲ್ಲ. ಆ ಕಥನಗಳು ತಾಯಿಯ ದುಃಖವನ್ನು, ಕುಲದ ಸಾತತ್ಯದ ಆತಂಕವನ್ನು ಕೂಡ ಹೇಳುತ್ತವೆ.

3

1949 ಈ ರೋಗದ ಅರಿವಿನ ಚರಿತ್ರೆಯಲ್ಲಿ ನಿರ್ಣಾಯಕ ವರ್ಷ. ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ರೋಗಿಗಳ ಹಿಮೋಗ್ಲೋಬಿನ್ ಇತರರ ಹಿಮೋಗ್ಲೋಬಿನ್‌ಗಿಂತ ಭಿನ್ನವೆಂದು ತೋರಿಸಿ, ಇದನ್ನು 'ಅಣುರೋಗ' ಎಂದು ಕರೆದರು. ಅದೇ ವರ್ಷ ಜೇಮ್ಸ್ ನೀಲ್ ಅನುವಂಶೀಯತೆಯ ಕ್ರಮವನ್ನು ಸ್ಪಷ್ಟಪಡಿಸಿದರು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದಲ್ಲಿ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. 1950ರ ದಶಕದ ಉತ್ತರಾರ್ಧದಲ್ಲಿ ವರ್ನನ್ ಇಂಗ್ರಾಮ್, ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಇರುವುದೇ ಮೂಲ ದೋಷವೆಂದು ಕಂಡುಹಿಡಿದರು. 1954ರಲ್ಲಿ ಆಂಟನಿ ಆಲಿಸನ್, ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ದೊರೆಯುತ್ತದೆಂದು ತೋರಿಸಿ, ಈ ಗುಣ ಮಲೇರಿಯಾ ಪೀಡಿತ ಪ್ರದೇಶಗಳಲ್ಲಿ ಏಕೆ ಉಳಿದುಬಂತೆಂಬುದನ್ನು ವಿವರಿಸಿದರು.

ಹೀಗೆ 1960ರ ಹೊತ್ತಿಗೆ ಜಗತ್ತಿನ ಯಾವುದೇ ವಂಶಪಾರಂಪರ್ಯ ರೋಗಕ್ಕಿಂತ ಇದರ ಕಾರಣ ಹೆಚ್ಚು ಸ್ಪಷ್ಟವಾಗಿತ್ತು. ಆದರೆ ಚಿಕಿತ್ಸೆ ಇರಲಿಲ್ಲ. ಈ ಅಂತರದಲ್ಲಿ ಅರಿವು ಬೇರೊಂದು ಕೆಲಸಕ್ಕೆ ಬಳಕೆಯಾಯಿತು. 1968ರಲ್ಲಿ ಸ್ವತಃ ಪಾಲಿಂಗ್, ವಾಹಕರ ಹಣೆಯ ಮೇಲೆ ಹಚ್ಚೆಯ ಗುರುತು ಹಾಕಬೇಕೆಂದು ಸಲಹೆ ಮಾಡಿದರು. ಒಂದೇ ಗುರುತುಳ್ಳವರು ಪರಸ್ಪರ ಪ್ರೀತಿಸದೆ ದೂರ ಉಳಿಯಲಿ ಎಂಬುದು ಅವರ ತರ್ಕ. 1970ರ ದಶಕದ ಆರಂಭದಲ್ಲಿ ಅಮೆರಿಕದ ಹಲವು ರಾಜ್ಯಗಳು ಕಡ್ಡಾಯ ತಪಾಸಣೆಯ ಕಾಯಿದೆಗಳನ್ನು ತಂದವು. ಕೆಲವೆಡೆ ಶಾಲಾ ಪ್ರವೇಶಕ್ಕೂ ವಿವಾಹ ಪರವಾನಗಿಗೂ ಅದನ್ನು ಜೋಡಿಸಲಾಯಿತು. ವಾಹಕರು ರೋಗಿಗಳಲ್ಲವೆಂಬ ಮೂಲಭೂತ ವ್ಯತ್ಯಾಸ ಮಸುಕಾಯಿತು. ಅಮೆರಿಕದ ವಾಯುಸೇನಾ ಅಕಾಡೆಮಿಯು ವಾಹಕರನ್ನು ಹೊರಗಿಡುವ ನಿಯಮವನ್ನು ಕೈಬಿಟ್ಟದ್ದು 1981ರಲ್ಲಿ. ಇದೇ ಕಾಲದಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷವು 1971ರಿಂದ ತನ್ನದೇ ಆರೋಗ್ಯ ಕೇಂದ್ರಗಳ ಮೂಲಕ ತಪಾಸಣೆ ನಡೆಸಿತೆಂಬುದು ಗಮನಾರ್ಹ. ಅದೇ ಪರೀಕ್ಷೆ ಒಂದೆಡೆ ಬಹಿಷ್ಕಾರದ ಸಾಧನವಾಯಿತು, ಇನ್ನೊಂದೆಡೆ ಸಮುದಾಯದ ಸ್ವಂತ ಕಾರ್ಯಕ್ರಮವಾಯಿತು. ಅದನ್ನು ಯಾರು, ಯಾರ ಸಲುವಾಗಿ ಮಾಡಿದರೆಂಬುದೇ ಇಲ್ಲಿನ ವ್ಯತ್ಯಾಸ.

4

ರೋಗವನ್ನು ಬೇರುಸಹಿತ ತೆಗೆಯುವ ಮೊದಲ ಚಿಕಿತ್ಸೆ ಉದ್ದೇಶಪೂರ್ವಕವಾಗಿ ದೊರೆತದ್ದಲ್ಲ. ಅಮೆರಿಕದ ಮೆಂಫಿಸ್‌ನಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳಿಗೆ ರಕ್ತದ ಕ್ಯಾನ್ಸರಿಗಾಗಿ ಅಸ್ಥಿಮಜ್ಜೆಯ ಕಸಿ ಮಾಡಲಾಯಿತು. ಅವಳಿಗಿದ್ದ ಕುಡುಗೋಲು ಕಣ ರೋಗವೂ ಅದರೊಂದಿಗೆ ವಾಸಿಯಾಯಿತೆಂಬುದು 1984ರಲ್ಲಿ ವರದಿಯಾಯಿತು. ರಕ್ತಕಣಗಳನ್ನು ಹುಟ್ಟಿಸುವ ಆಕರಕೋಶಗಳು ಮಜ್ಜೆಯಲ್ಲಿರುವುದರಿಂದ, ಅವುಗಳನ್ನೇ ಬದಲಿಸಿದರೆ ಹೊಸ ರಕ್ತ ಹುಟ್ಟುತ್ತದೆ ಎಂಬುದು ಇದರ ತತ್ತ್ವ. 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಸಿಗೊಳಗಾದ 22 ಮಕ್ಕಳಲ್ಲಿ 20 ಮಂದಿ ಬದುಕುಳಿದರು, 16 ಮಂದಿಯಲ್ಲಿ ಕಸಿ ಸ್ಥಿರವಾಗಿ ನಿಂತಿತು. 2009ರಲ್ಲಿ ಸೌಮ್ಯ ಪೂರ್ವಸಿದ್ಧತೆಯ ವಿಧಾನವನ್ನು ಬಳಸಿ 10 ವಯಸ್ಕರಲ್ಲಿ 9 ಮಂದಿಗೆ ಕಸಿ ಫಲಿಸಿತು. ಆದರೆ ಅಂಗಾಂಶ ಹೊಂದುವ ದಾನಿ ಬೇಕು. ಒಡಹುಟ್ಟಿದ ಒಬ್ಬರೊಂದಿಗೆ ಪೂರ್ಣ ಹೊಂದಾಣಿಕೆಯಾಗುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಔಷಧದ ಮಾರ್ಗದಲ್ಲಿ 1995ರ ಪರೀಕ್ಷೆಯಿಂದ ಹೈಡ್ರಾಕ್ಸಿಯೂರಿಯಾದ ಉಪಯುಕ್ತತೆ ಸಿದ್ಧವಾಯಿತು. ಬಡ ದೇಶಗಳಲ್ಲಿ ಇಂದಿಗೂ ಹೆಚ್ಚಿನವರಿಗೆ ತಲುಪಬಹುದಾದ ಔಷಧ ಅದೇ.

ದಾನಿಯ ಕೊರತೆಯನ್ನು ಮೀರುವ ಹಾದಿ ವಂಶವಾಹಿ ಚಿಕಿತ್ಸೆ. ಇದರ ಒಂದು ಬೀಜ 1948ರಲ್ಲಿಯೇ ಇತ್ತು. ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್, ನವಜಾತ ಶಿಶುಗಳು ಕೆಲವು ತಿಂಗಳು ರೋಗದಿಂದ ಮುಕ್ತವಾಗಿರುವುದನ್ನು ಗಮನಿಸಿ, ಗರ್ಭಸ್ಥ ಶಿಶುವಿನ ಹಿಮೋಗ್ಲೋಬಿನ್ ಅವುಗಳನ್ನು ಕಾಯುತ್ತದೆಂದು ಸೂಚಿಸಿದ್ದರು. ಹುಟ್ಟಿದ ನಂತರ ಈ ಹಿಮೋಗ್ಲೋಬಿನ್ನನ್ನು ಅಡಗಿಸುವ ಬಿಸಿಎಲ್11ಎ ಎಂಬ ವಂಶವಾಹಿಯ ಪಾತ್ರ 2008ರಲ್ಲಿ ಸ್ಪಷ್ಟವಾಯಿತು. 2012ರಲ್ಲಿ ಕ್ರಿಸ್ಪರ್ ಎಂಬ ವಂಶವಾಹಿ ಕತ್ತರಿಯ ತಂತ್ರ ರೂಪುಗೊಂಡಿತು. 2014ರಲ್ಲಿ ಪ್ಯಾರಿಸ್ಸಿನಲ್ಲಿ 13 ವರ್ಷದ ಬಾಲಕನ ಆಕರಕೋಶಗಳಿಗೆ ವೈರಸ್ ವಾಹಕದ ಮೂಲಕ ಆರೋಗ್ಯಕರ ವಂಶವಾಹಿಯನ್ನು ಸೇರಿಸಲಾಯಿತು. 2019ರಲ್ಲಿ ಮಿಸಿಸಿಪಿಯ ವಿಕ್ಟೋರಿಯಾ ಗ್ರೇ ಅವರು ಅಮೆರಿಕದಲ್ಲಿ ಈ ರೋಗಕ್ಕೆ ಕ್ರಿಸ್ಪರ್ ಚಿಕಿತ್ಸೆ ಪಡೆದ ಮೊದಲಿಗರಾದರು. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಕ್ಯಾಸ್ಗೆವಿ ಎಂಬ ಚಿಕಿತ್ಸೆಗೆ ಅನುಮತಿಯಿತ್ತವು. ಅಮೆರಿಕ ಅದೇ ದಿನ ವೈರಸ್ ವಾಹಕವನ್ನು ಬಳಸುವ ಲಿಫ್ಜೀನಿಯಾಕ್ಕೂ ಒಪ್ಪಿಗೆ ನೀಡಿತು.

ಕ್ಯಾಸ್ಗೆವಿಯ ಪರೀಕ್ಷೆಯಲ್ಲಿ, ಸಾಕಷ್ಟು ಕಾಲ ಗಮನಿಸಲಾದ 31 ಮಂದಿಯಲ್ಲಿ 29 ಮಂದಿ ಸತತ ಹನ್ನೆರಡು ತಿಂಗಳು ತೀವ್ರ ನೋವಿನ ಬಿಕ್ಕಟ್ಟಿಲ್ಲದೆ ಕಳೆದರು. ಅತ್ಯಾಧುನಿಕ ಚಿಕಿತ್ಸೆಯ ಅಳತೆಗೋಲಾದದ್ದು ಕಣದ ಆಕಾರವಲ್ಲ, ನೋವಿನ ಮರುಕಳಿಕೆ ಎಂಬುದನ್ನು ಇಲ್ಲಿ ಗಮನಿಸಬೇಕು. 'ಚ್ವೆಚ್ವೀಚ್ವೆ' ಎಂದು ಹೆಸರಿಟ್ಟವರು ಹಿಡಿದಿದ್ದ ಲಕ್ಷಣವೇ ಇದು. ಆದರೆ ಮೂಲ ಮಜ್ಜೆಯನ್ನು ಪ್ರಬಲ ಔಷಧಗಳಿಂದ ತೆರವುಗೊಳಿಸಬೇಕಾದ ಈ ಚಿಕಿತ್ಸೆ ಸಂತಾನಶಕ್ತಿಯನ್ನು ಕುಂದಿಸಬಲ್ಲದು. ಬೆಲೆಯಂತೂ ಅಮೆರಿಕದಲ್ಲಿ ಕ್ಯಾಸ್ಗೆವಿಗೆ 22 ಲಕ್ಷ ಡಾಲರ್, ಲಿಫ್ಜೀನಿಯಾಕ್ಕೆ 31 ಲಕ್ಷ ಡಾಲರ್ ಎಂದು ನಿಗದಿಯಾಯಿತು. ಕಾರಣ ತಿಳಿದ 1949ರಿಂದ ಈ ಅನುಮತಿಯವರೆಗೆ ಎಪ್ಪತ್ತನಾಲ್ಕು ವರ್ಷಗಳು ಕಳೆದವು. ರೋಗವು ಅತಿ ಹೆಚ್ಚಾಗಿರುವ ಆಫ್ರಿಕಾಕ್ಕೆ ಆ ಅವಧಿ ಇನ್ನೂ ಮುಗಿದಿಲ್ಲ.

5

ಭಾರತದಲ್ಲಿ ಈ ರೋಗದ ಗುಣವು ಮೊದಲು ವರದಿಯಾದದ್ದು 1952ರಲ್ಲಿ. ಲೇಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಅದನ್ನು ಗುರುತಿಸಿದರು. ನೀಲಗಿರಿಗೆ ಹೊಂದಿಕೊಂಡಿರುವ ಕರ್ನಾಟಕದ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನ ಸಮುದಾಯಗಳಲ್ಲಿಯೂ ಇದು ಕಂಡುಬಂದಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ಈ ರೋಗದ ಬಗ್ಗೆ ಕೆಲಸ ಮಾಡಿದೆ. ಭಾರತದಲ್ಲಿ ಹೆಚ್ಚಾಗಿ ಕಾಣುವ ಅರಬ್-ಭಾರತೀಯ ಬಗೆಯಲ್ಲಿ ಭ್ರೂಣ ಹಿಮೋಗ್ಲೋಬಿನ್ನಿನ ಪ್ರಮಾಣ ಹೆಚ್ಚು. ಕ್ರಿಸ್ಪರ್ ಚಿಕಿತ್ಸೆ ಕೃತಕವಾಗಿ ಸಾಧಿಸುವುದನ್ನು ನಿಸರ್ಗ ಇಲ್ಲಿ ಭಾಗಶಃ ಮಾಡಿದೆ. ಹಾಗೆಂದು ರೋಗವು ಎಲ್ಲರಲ್ಲೂ ಸೌಮ್ಯವಾಗಿರುತ್ತದೆಂದು ಭಾವಿಸುವಂತಿಲ್ಲ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನಕ್ಕೆ ಚಾಲನೆ ನೀಡಲಾಯಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಹಾಗೂ 2047ರೊಳಗೆ ನಿರ್ಮೂಲನೆ ಇದರ ಗುರಿ. ತಪಾಸಣೆಯ ಫಲಿತಾಂಶವನ್ನು ತಿಳಿಸುವ ಕಾರ್ಡುಗಳನ್ನೂ ವಿತರಿಸಲಾಗುತ್ತಿದೆ. 2025ರ ನವೆಂಬರ್‌ನಲ್ಲಿ ದೆಹಲಿಯ ಜೀನೋಮಿಕ್ಸ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಸ್ವದೇಶಿ ಕ್ರಿಸ್ಪರ್ ಚಿಕಿತ್ಸೆಯನ್ನು 'ಬಿರ್ಸಾ 101' ಎಂಬ ಹೆಸರಿನಲ್ಲಿ ಪ್ರಕಟಿಸಲಾಯಿತು. ಬಿರ್ಸಾ ಮುಂಡಾ ಜನಿಸಿ 150 ವರ್ಷ ತುಂಬಿದ ಸಂದರ್ಭವದು. ಆಕಾರದಿಂದ ಬಂದ ಹೆಸರು, ನೋವಿನಿಂದ ಬಂದ ಹೆಸರುಗಳ ಜೊತೆಗೆ ಬುಡಕಟ್ಟು ವೀರನ ಸ್ಮರಣೆಯಿಂದ ಬಂದ ಮೂರನೆಯ ಹೆಸರೊಂದು ಹೀಗೆ ಸೇರಿಕೊಂಡಿದೆ. ಹೆಸರಿಗೆ ತಕ್ಕ ಅರ್ಥ ಬರಬೇಕಾದರೆ ಚಿಕಿತ್ಸೆ ಹಾಡಿಯನ್ನು ತಲುಪಬೇಕು.

ಅಲ್ಲಿಯವರೆಗೆ ನಮ್ಮ ಗಿರಿಜನರು ಇರುವುದು ಅರಿವು ಮತ್ತು ಚಿಕಿತ್ಸೆಯ ನಡುವಿನ ಅವಧಿಯಲ್ಲಿಯೇ. ಅಮೆರಿಕದ 1970ರ ದಶಕದ ಅನುಭವ ಇಲ್ಲಿ ಪ್ರಸ್ತುತವಾಗುತ್ತದೆ. ಪರೀಕ್ಷೆ ಬೇಡವೆಂದು ಇದರ ಅರ್ಥವಲ್ಲ. ಬೇಗನೆ ಗುರುತಿಸಿದರೆ ಸೋಂಕುಗಳನ್ನು ತಡೆಯಬಹುದು, ಔಷಧ ನೀಡಬಹುದು, ಮಕ್ಕಳ ಜೀವ ಉಳಿಸಬಹುದು. ಆದರೆ ಕಾರ್ಡು ಅಂತಿಮವಾಗಿ ಮಾತಾಡುವುದು ಮದುವೆಯ ವಿಷಯದಲ್ಲಿ. ಮದುವೆಯೆಂಬುದು ಈ ಸಮುದಾಯಗಳಲ್ಲಿ ಇಬ್ಬರ ನಡುವಿನ ಒಪ್ಪಂದವಷ್ಟೇ ಅಲ್ಲ, ಕುಲಗಳ ನಡುವಿನ ಕೊಡುಕೊಳೆ. ಬಿಳಿಗಿರಿರಂಗನು ಸೋಲಿಗರ ಹೆಣ್ಣನ್ನು ಮದುವೆಯಾದನೆಂಬ ಐತಿಹ್ಯದಿಂದ ಸೋಲಿಗರು ದೇವರನ್ನೇ 'ರಂಗಭಾವ' ಎಂದು ಕರೆಯುತ್ತಾರೆ. ನೆಂಟಸ್ತಿಕೆಯ ಮೂಲಕವೇ ದೇವರನ್ನೂ ನಾಡನ್ನೂ ಅರಿಯುವ ಸಮುದಾಯದಲ್ಲಿ, ಇಂಥವರು ಇಂಥವರನ್ನು ಮದುವೆಯಾಗಬಾರದೆಂಬ ವೈದ್ಯಕೀಯ ಸೂಚನೆ ಕೇವಲ ಆರೋಗ್ಯದ ಮಾಹಿತಿಯಾಗಿ ಉಳಿಯುವುದಿಲ್ಲ. ಅದು ಕುಲಕ್ಕೆ ಕಳಂಕವಾಗಿಯೂ ಹೆಣ್ಣಿನ ಮೇಲಿನ ದೋಷಾರೋಪವಾಗಿಯೂ ಪರಿವರ್ತನೆಯಾಗುವ ಅಪಾಯವಿದೆ. ರೋಗದ ಗುಣ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆಂಬ ಸತ್ಯವನ್ನು ಸಮುದಾಯದ ಮಾತಿನಲ್ಲಿ ಹೇಳುವುದು ಆದ್ದರಿಂದ ವೈದ್ಯಕೀಯದಷ್ಟೇ ಸಾಂಸ್ಕೃತಿಕ ಕೆಲಸ.

ಈ ದಿಸೆಯಲ್ಲಿ ಜಾನಪದ ಅಧ್ಯಯನಕ್ಕೆ ನಿರ್ದಿಷ್ಟ ಹೊಣೆಗಳಿವೆ. ಸೋಲಿಗ, ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳಲ್ಲಿ ಮೂಳೆನೋವಿಗೆ, ಕಾಮಾಲೆಗೆ, ಮರುಕಳಿಸುವ ಸಂಕಟಕ್ಕೆ ಇರುವ ಪದಗಳನ್ನು ಅವರವರ ನುಡಿಗಳಲ್ಲಿಯೇ ದಾಖಲಿಸಬೇಕು. ಮಕ್ಕಳ ಸಾವನ್ನು ಕುರಿತ ಕಥನಗಳನ್ನು, ಕುಲ ಮತ್ತು ವಿವಾಹದ ನಿಯಮಗಳನ್ನು ಹಿರಿಯರಿಂದ ಕೇಳಿ ಬರೆದುಕೊಂಡು, ಆಪ್ತಸಲಹೆ ನೀಡುವ ಆರೋಗ್ಯ ಕಾರ್ಯಕರ್ತರಿಗೆ ಒದಗಿಸಬೇಕು. ಹೇಳಿದವರ ಖಾಸಗಿತನವನ್ನು ಕಾಯುತ್ತಲೇ ಅವರ ಮಾತನ್ನು ಮಾಹಿತಿಯೆಂದಲ್ಲದೆ ಸಾಕ್ಷ್ಯವೆಂದು ಗೌರವಿಸಬೇಕು. ಕೊನೊಟೆ-ಅಹುಲು ತಮ್ಮ ಮನೆತನದ ಮೌಖಿಕ ನೆನಪಿನಿಂದ ಮಾಡಿದ ಕೆಲಸ ನಮ್ಮ ಹಾಡಿಗಳಲ್ಲಿಯೂ ಸಾಧ್ಯ. ವಂಶಾವಳಿಗಳನ್ನು ನೆನಪಿಟ್ಟಿರುವ ಹಿರಿಯರು ಇರುವಾಗಲೇ ಅದು ಆಗಬೇಕು.