ಕಸ್ತೂರಿ, ನಾ.

ಕಸ್ತೂರಿ, ನಾ. (1897–1987): ಕನ್ನಡದ ಹಾಸ್ಯ ಲೇಖಕ, ಇತಿಹಾಸದ ಅಧ್ಯಾಪಕ, ಮೈಸೂರು ಬಾನುಲಿಯ ಆದ್ಯರಲ್ಲೊಬ್ಬರು. ಕೇರಳದ ತ್ರಿಪ್ಪೂಣಿತ್ತುರದಲ್ಲಿ ಡಿಸೆಂಬರ್ 25ರಂದು ಹುಟ್ಟಿದರು. ಮೈಸೂರಿಗೆ ಬಂದು ಬನುಮಯ್ಯ ಪ್ರೌಢಶಾಲೆಯಲ್ಲಿ ಪಾಠ ಹೇಳಿದರು, ಮುಂದೆ ಮಹಾರಾಜ ಕಾಲೇಜು ಸೇರಿದರು. ಕನ್ನಡ ಅವರಿಗೆ ಮನೆಮಾತಲ್ಲ. ಆದರೂ ಕನ್ನಡಿಗರನ್ನು ಕನ್ನಡದಲ್ಲೇ ನಗಿಸಿದರು.

ಅದೇ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ ಬರೀ 30 ವ್ಯಾಟ್. ಈ ಸಾಹಸಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಕಸ್ತೂರಿ ಪ್ರಮುಖರು. ನಿಲಯಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟ ಕೀರ್ತಿ ಸಾಮಾನ್ಯವಾಗಿ ಅವರಿಗೇ ಸಲ್ಲುತ್ತದೆ. ಸ್ವಾತಂತ್ರ್ಯಾನಂತರ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಮೈಸೂರಿನ ನಿಲಯ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಅಧ್ಯಾಪನದಿಂದ ನಿವೃತ್ತರಾದ ಮೇಲೆ ಕಸ್ತೂರಿ ಬೆಂಗಳೂರು ಆಕಾಶವಾಣಿಯಲ್ಲೂ ದುಡಿದರು.

ಬರಹಗಾರರಾಗಿ ಅವರ ಹೆಸರು ನಿಂತಿರುವುದು ‘ಅನರ್ಥಕೋಶ’ದ ಮೇಲೆ. ನಿಘಂಟಿನ ಗಂಭೀರ ವೇಷ ತೊಟ್ಟ ಪುಸ್ತಕವಿದು: ಅಕಾರಾದಿಯಾಗಿ ಪದಗಳನ್ನು ಇಟ್ಟು, ಒಡೆಯಬಾರದ ಕಡೆ ಒಡೆದು, ಇಲ್ಲದ ಅರ್ಥ ಹೊರಡಿಸುತ್ತದೆ. ಕಣ್ಣಿನಲ್ಲಿ ಓದಿದರೆ ಅರ್ಧ ಸೊಗಸು ಸೋರಿಹೋಗುತ್ತದೆ, ಗಟ್ಟಿಯಾಗಿ ಓದಬೇಕು. ಎಂ. ಶಿವರಾಂ (ರಾಶಿ) 1942ರಲ್ಲಿ ಹೊರತಂದ ‘ಕೊರವಂಜಿ’ ಮಾಸಪತ್ರಿಕೆಗೂ ಕಸ್ತೂರಿ ಬರೆದರು. ಹರಟೆ, ನಾಟಕ, ಕಾದಂಬರಿಗಳನ್ನೂ ರಚಿಸಿದ್ದಾರೆ. ಶ್ಲೇಷೆಯಲ್ಲಿ ಪಳಗಿದ ಅವರ ಕೈ ಬಿಡಿ ಬರಹಗಳಲ್ಲೇ ಹೆಚ್ಚು ಚುರುಕು.

ಬದುಕಿನ ಉತ್ತರಾರ್ಧ ಪುಟ್ಟಪರ್ತಿಯಲ್ಲಿ ಕಳೆಯಿತು. ಸತ್ಯಸಾಯಿ ಬಾಬಾ ಅವರ ಜೀವನಚರಿತ್ರೆ ‘ಸತ್ಯಂ ಶಿವಂ ಸುಂದರಂ’ ಅನ್ನು ಇಂಗ್ಲಿಷಿನಲ್ಲಿ ಬರೆದರು. 1958ರಲ್ಲಿ ಆರಂಭವಾದ ‘ಸನಾತನ ಸಾರಥಿ’ ಪತ್ರಿಕೆಯ ಸಂಪಾದಕರಾದರು. ‘ಲವಿಂಗ್ ಗಾಡ್’ ಅವರ ಆತ್ಮಕಥೆ. 1987ರ ಆಗಸ್ಟ್ 14ರಂದು ನಿಧನರಾದರು. ಇಂದು ಅವರನ್ನು ಬಾಬಾ ಭಕ್ತರು ಬಲ್ಲಷ್ಟು ಕನ್ನಡದ ಓದುಗರು ಬಲ್ಲವರಲ್ಲ, ನಷ್ಟ ಕನ್ನಡದ್ದೇ.