ಶುಲ್ಕ ಕಟ್ಟಿ ಕಲಿಯುವ ಕಾನೂನು

ಅಮೆರಿಕದ ಚುನಾವಣೆ ಎಂದರೆ ಹಣದ ಹೊಳೆ ಎನ್ನುತ್ತೇವೆ. ಆ ಹೊಳೆಗೆ ಕಟ್ಟೆ ಕಟ್ಟುವ ಯತ್ನ ನೂರು ವರ್ಷಕ್ಕೂ ಹಳೆಯದೆಂಬುದನ್ನು ಮರೆಯುತ್ತೇವೆ. 1907ರ ಟಿಲ್‌ಮನ್ ಕಾಯ್ದೆ ಫೆಡರಲ್ ಚುನಾವಣೆಗಳಿಗೆ ಕಂಪೆನಿಗಳು ಹಣ ನೀಡುವುದನ್ನು ನಿಷೇಧಿಸಿತು. ಜಾರಿಗೊಳಿಸಲು ಪ್ರತ್ಯೇಕ ಸಂಸ್ಥೆಯೇ ಇರಲಿಲ್ಲ! ವಾಟರ್‌ಗೇಟ್ ಹಗರಣವು ನಿಕ್ಸನ್ ಪ್ರಚಾರಕ್ಕೆ ಕಂಪೆನಿಗಳು ಗುಟ್ಟಾಗಿ ಕೊಟ್ಟ ಹಣವನ್ನು ಬಯಲಿಗೆಳೆದ ಬಳಿಕವೇ, 1974ರ ತಿದ್ದುಪಡಿಯಿಂದ ಫೆಡರಲ್ ಚುನಾವಣಾ ಆಯೋಗ ಹುಟ್ಟಿದ್ದು. ಲಾಬಿಗಾರರು ಹಲವರಿಂದ ಒಟ್ಟುಗೂಡಿಸಿ ತಲುಪಿಸುವ ದೊಡ್ಡ ದೇಣಿಗೆಗಳನ್ನು ಬಹಿರಂಗಪಡಿಸಬೇಕೆಂದು 2007ರ ಕಾಯ್ದೆ ವಿಧಿಸಿತು.

ಈ ಜಟಿಲ ನಿಯಮಗಳನ್ನು ಕಲಿಸಲು ಆಯೋಗವೇ ಶುಲ್ಕ ಪಡೆದು ಸಮ್ಮೇಳನಗಳನ್ನು ನಡೆಸುತ್ತಾ ಬಂದಿದೆ. ಕೈಪಿಡಿಗಳು ಉಚಿತ, ನಿಜ. ಕಂಪೆನಿಯ ವಕೀಲನಿಗೆ ಆ ಶುಲ್ಕ ಲೆಕ್ಕಕ್ಕಿಲ್ಲ. ಬಡ ಅಭ್ಯರ್ಥಿಯ ಖಜಾಂಚಿ ಮಾತ್ರ ಜೇಬು ಮುಟ್ಟಿ ನೋಡಿಕೊಳ್ಳಬೇಕು. ವರದಿಗೆ ಸಹಿ ಹಾಕುವವನೂ, ತಪ್ಪಾದರೆ ಉತ್ತರ ಹೇಳಬೇಕಾದವನೂ ಅವನೇ.